ಗುರ್ತಿನ ಲಾಡ್ಜು

ನಮ್ಮ ಅತ್ತಿಯವರಿಗೆ ಸ್ಟೆಂಟ್ ಹಾಕಿ ಎರಡು ವರ್ಷ ಆತು. ನಿಮಗೆಲ್ಲಾ ಗೊತ್ತದ. ಆವಾಗ ಸರತಿ ಹಚ್ಚಿ ನಮ್ಮ ಮನಿಗೆ ಸಾರು, ಭಕ್ಕರಿ ಕೊಟ್ಟು ಕಳಿಸಿದವರು ನೀವ ಅಲ್ಲೇನು. ಬೆಂಗಳೂರಿಗೆ ಮದುವಿಗೆ ಅಂತ ಹೋದಾಗ ಅಲ್ಲೇ ಎದಿನೋವು ಬಂದು ಜಯದೇವಕ್ಕ ಸೇರಿಸಿದ್ವಿ, ಹಿಂಗಾಗಿ ತೋರಿಸಲಿಕ್ಕೆ ನಾಕು ತಿಂಗಳಿಗೊಮ್ಮೆ ಅಲ್ಲಿಗೇ ಹೋಗಬೇಕು. ನಮ್ಮನಿಯವರಿಗೆ ರಜಾ ಸಿಗಂಗಿಲ್ಲ. ಹೋಗವರು ಅತ್ತಿ-ಸೊಸಿ ನಾವಿಬ್ಬರ.

ಎಲ್ಲಿ ಇಳಕೋಬೇಕು ಅನ್ನೋ ಪ್ರಶ್ನೆನ ನಮ್ಮ ಮನ್ಯಾಗ ಯಾವತ್ತೂ ಬಂದಿದ್ದಿಲ್ಲ. ಮೆಜೆಸ್ಟಿಕ್ ಹತ್ರ ಗಾಂಧಿನಗರದಾಗ ಒಂದು ಲಾಡ್ಜು ಅದ. ಹೆಸರು ಬ್ಯಾಡ ಬಿಡ್ರಿ. ನಮ್ಮ ಮಾವನವರಿಗೆ ಹೊಲದ್ದೊಂದು ಕೇಸ್ ಹೈಕೋರ್ಟಿನ್ಯಾಗ ಇತ್ತು. ಧಾರವಾಡದಾಗ ಹೈಕೋರ್ಟ್ ಪೀಠ ಆಗಿದ್ದು 2008ರಾಗ. ಅದಕ್ಕಿಂತ ಮೊದಲು ಒಂದೊಂದು ತಾರೀಖಿಗೂ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. ವರ್ಷಗಟ್ಟಲೆ ಮಾವನವರು ಇಳಕೊಂಡಿದ್ದು ಅದ ಲಾಡ್ಜಿನ್ಯಾಗ, ಮೂರನೇ ಮಾಳಿಗಿ ಮ್ಯಾಲಿನ ಮೂಲಿ ಖೋಲಿ. ಕುಂದಾಪುರ ಕಡೆಯವರೊಬ್ಬರು ಮ್ಯಾನೇಜರ್ ಇದ್ದರು. ಮಾವನವರು ಒಂದು ಛತ್ರಿ ಅಲ್ಲೇ ಕೌಂಟರ್ ಹಿಂದ ಇಟ್ಟಿರ್ತಿದ್ದರು, ಪ್ರತಿ ಸಲ ಹೊತ್ತುಕೊಂಡು ಹೋಗೋದು ಯಾಕ ಅಂತ. ಅಷ್ಟು ಸಲಿಗಿ.

ಕೇಸ್ ಮುಗೀತು, ಮಾವನವರೂ ಹೋದರು, ಆದ್ರ ಲಾಡ್ಜು ಬಿಡಲಿಲ್ಲ. ಮದುವಿ ಇರಲಿ, ಮಕ್ಕಳ ಪರೀಕ್ಷಾ ಇರಲಿ, ಬೆಂಗಳೂರು ಅಂದ್ರ ಅಲ್ಲೇ. ಅತ್ತಿಯವರಂತೂ ಆ ಮೂಲಿ ಖೋಲಿ ಖಾಲಿ ಅದ ಏನು ಅಂತ ಮೊದಲು ಕೇಳವರು.

ಇನ್ನು ಕಳೆದ ಮೂರು ಸಲದ ಕಥಿ ಕೇಳ್ರಿ.

ಮೊದಲನೇ ಸಲ ಹೋದಾಗ ಕೌಂಟರಿನ್ಯಾಗ ಹೊಸಾ ಹುಡುಗ. ಲಾಡ್ಜು ಬ್ಯಾರೆಯವರಿಗೆ ಲೀಸಿಗೆ ಕೊಟ್ಟಾರಂತ, ಮ್ಯಾನೇಜರ್ ಬಿಟ್ಟು ಊರಿಗೆ ಹೋಗ್ಯಾರಂತ. ನಾವು ರಾಣಿ ಚೆನ್ನಮ್ಮದಾಗ ಬಂದು ನಸಿಕಿನ್ಯಾಗ ಇಳದವರು. ಹಿಂದಕ್ಕ ಅಲ್ಲಿ 24 ತಾಸಿನ ಲೆಕ್ಕ ಇತ್ತು. ಬೆಳಿಗ್ಗೆ ಆರಕ್ಕ ಹೊಕ್ರ ಮರುದಿನ ಆರರ ತನಕ ಖೋಲಿ ನಮ್ಮದು. ಈಗ ಮಧ್ಯಾಹ್ನ 12ರ ಲೆಕ್ಕ ಮಾಡ್ಯಾರ. ಹಂಗಂದ್ರ ಆರಕ್ಕ ಬಂದವರು ಆರು ತಾಸು ಕಾಯಬೇಕು, ಇಲ್ಲಾ ಹಿಂದಿನ ದಿನದ ಬಾಡಗಿನೂ ಕೊಡಬೇಕು. ರಕ್ತ ಪರೀಕ್ಷಾಕ್ಕ ಅಂತ ಅತ್ತಿಯವರು ಖಾಲಿ ಹೊಟ್ಟಿಲೆ ಇದ್ದರು. ಅವರು ಪ್ಲಾಸ್ಟಿಕ್ ಖುರ್ಚಿ ಮ್ಯಾಲೆ ಕೂತರು, ನಾನು ಬ್ಯಾಗಿನ ಮ್ಯಾಲೆ. ಕಡೀಗೆ ಮಾರಿ ಅಷ್ಟ ತೊಳಕೊಂಡು, ಸ್ನಾನ ಇಲ್ಲದ ದವಾಖಾನಿಗೆ ಹೋದ್ವಿ. ಹುಡುಗನ ಮುಂದ "ನಾವು ಹಳಬರಪಾ" ಅಂದೆ. ಅಂವಾ ಮೊಬೈಲಿನಿಂದ ತೆಲಿ ಎತ್ತಲಿಲ್ಲ.

ಎರಡನೇ ಸಲ ತಗಣಿ. ರಾತ್ರಿ ಲೈಟ್ ಆರಿಸಿದ ಮ್ಯಾಲೆ ಶುರು ಆತು ನೋಡ್ರಿ. ಎದ್ದು ಗಾದಿ ಹೊಲಿಗಿ ಸಂದಿಗೆ ಮೊಬೈಲ್ ಬ್ಯಾಟರಿ ಬಿಟ್ಟೆ. ಸಾಲಾಗಿ ಕರೀ ಚುಕ್ಕಿ! ಬಾಗಲ ಚಿಲಕನೂ ಸಡ್ಲ ಆಗಿತ್ತು, ಹಿಂಗಾಗಿ ಖುರ್ಚಿ ಒಯ್ದು ಬಾಗಲಿಗೆ ಆನಿಸಿಟ್ಟು, ಇಬ್ಬರೂ ಉಳಿದ ಎರಡು ಖುರ್ಚಿ ಮ್ಯಾಲೆ ಬೆಳಕ ಹರಿಸಿದ್ವಿ. ಮನಿಗೆ ಬಂದವಳ ಬ್ಯಾಗ್ ಒಳಗ ಒಯ್ಯಲಿಲ್ಲ. ಅರಿವಿ ಎಲ್ಲಾ ಕುದಿಯೋ ನೀರಾಗ ಅದ್ದಿ, ಬ್ಯಾಗ್ ಮೂರು ದಿನ ಬಿಸಲಿಗೆ ಹಾಕಿದೆ. ನಮ್ಮ ಅಟ್ಟದ ಮ್ಯಾಲೆ ಬ್ಯಾಗ್ ಯಾಕ ಬಾಯಿ ತಗದು ಕೂತಾವು ಅಂತ ಓಣ್ಯಾಗ ಕೇಳಿದವರಿಗೆ ನಾ ಏನೋ ಹಾರಿಸಿದ್ದೆ. ಇವತ್ತು ಖರೇ ಕಾರಣ ಹೇಳೀನಿ, ಬೈಬ್ಯಾಡ್ರಿ.

ಇಷ್ಟಾದ್ರೂ ಮೂರನೇ ಸಲ ಅಲ್ಲೇ ಹೋದ್ವಿ ಅಂದ್ರ ನಗ್ತೀರಿ. ಬ್ಯಾರೆ ಕಡೆ ನೋಡೋಣೇನು ಅಂತ ನಾನು ಬಾಯಿ ಬಿಟ್ಟೂ ಕೇಳಲಿಲ್ಲ. ಮಾವನವರ ನೆನಪಿನ ಜಾಗಾ, ಅತ್ತಿಯವರ ಮನಸ್ಸಿಗೆ ನೋವಾಗ್ತದ ಅಂತ ನಂದು ವಿಚಾರ. ನಮ್ಮನಿಯವರು ಬ್ಯಾರೆ, "ಗುರ್ತಿನ ಜಾಗಾ, ಇಬ್ಬರೂ ಹೆಂಗಸರು, ಅಲ್ಲೇ ಛಲೋ" ಅಂದ್ರು. ಅವರು ಆ ಖೋಲ್ಯಾಗ ಮಲಗಿ ಹತ್ತು ವರ್ಷ ಆಗಿದ್ದೀತು. ಗುರ್ತು ಮಾತ್ರ ಗಟ್ಟಿ!

ಆ ಸಲ ಲಿಫ್ಟ್ ಬಂದ್ ಇತ್ತು. ಕೆಳಗ ಖೋಲಿ ಕೊಡ್ರಿ ಅಂದ್ರ ಇಲ್ಲ ಅಂದ್ರು. ರಿಪೇರಿಯವರು ಈಗ ಬರ್ತಾರ, ಈಗ ಬರ್ತಾರ ಅಂತ ಒಂದು ತಾಸು ಕಳೀತು. "ನಿಧಾನಕ ಹತ್ತತೀನಿ ನಡಿ" ಅಂದ್ರು ಅತ್ತಿಯವರು. ಎರಡನೇ ಮಾಳಿಗಿ ಮುಟ್ಟೋದ್ರಾಗ ಪಾವಟಿಗಿ ಮ್ಯಾಲೇ ಕೂತು ಬಿಟ್ಟರು. ಹಣಿ ಮ್ಯಾಲೆ ಬೆವರು, ಕೈ ಎದಿ ಮ್ಯಾಲೆ. ನಾಲಿಗಿ ಕೆಳಗಿಡೋ ಗುಳಿಗಿ ನನ್ನ ಪರ್ಸಿನ್ಯಾಗ ಯಾವಾಗ್ಲೂ ಇರ್ತದ. ತಗದು ಇಟ್ಟೆ. ಎಷ್ಟು ಹೊತ್ತು ಕೂತ್ವೋ ಗೊತ್ತಿಲ್ಲ. ಮ್ಯಾಲಿಂದ ಒಬ್ಬರು ಸೂಟಕೇಸ್ ಹಿಡಕೊಂಡು ಇಳದು ಬಂದ್ರು, ನಮ್ಮನ್ನ ದಾಟಿ ಹೋದ್ರು. ಡಾಕ್ಟರ್ ಕಡೆ ಹೋದ ಮ್ಯಾಲೆ ಇಸಿಜಿ ಮಾಡಿ, ಗಾಬರಿ ಪಡೋದೇನಿಲ್ಲ ಅಂದ್ರು. ಆದ್ರ ಆ ಪಾವಟಿಗಿ ಮ್ಯಾಲೆ ಕೂತಾಗ ನಂಗ ನನ್ನ ಮ್ಯಾಲೇ ಸಿಟ್ಟು ಬಂತು. ಯಾರ ಗುರ್ತಿಗೆ ಅಂತ ನಾ ಇವರನ್ನ ಇಲ್ಲಿ ಹತ್ತಿಸಲಿಕ್ಕೆ ಹತ್ತೀನಿ? ನಮ್ಮನ್ನ ಗುರ್ತು ಹಿಡಿಯವರು ಇಲ್ಲೆ ಒಬ್ಬರೂ ಉಳದಿಲ್ಲ.

ಮುಂದಿನ ತಾರೀಖು ಬರೋ ಒಂದು ತಿಂಗಳು ಮೊದಲ ನಾನ ಹುಡುಕಲಿಕ್ಕೆ ಕೂತೆ. ನಮ್ಮನ್ಯಾಗ ಹೆಂಗಸರು ಲಾಡ್ಜು ಆರಿಸಿದ್ದು ಇದ ಮೊದಲು. ಸೀರಿ ಆರಿಸೀವಿ, ವರನ್ನ ಆರಿಸೀವಿ, ಒಂದು ರಾತ್ರಿ ಮಲಗೋ ಜಾಗಾ ಆರಿಸಿದ್ದಿಲ್ಲ ನೋಡ್ರಿ.

ಪುಣೆದಾಗಿರೋ ಮಗಳು ಫೋನಿಗೆ ಇಪ್ಪತ್ತು ಹೋಟೆಲ್ ಹೆಸರು ಕಳಿಸಿದ್ಲು. ಎಲ್ಲಾ ಫೋಟೋದಾಗೂ ಬಿಳೀ ಚಾದರ, ಮ್ಯಾಲೊಂದು ಕೆಂಪು ಪಟ್ಟಿ. ಯಾವುದು ಖರೇ, ಯಾವುದು ಸುಳ್ಳು? ಮಗಳ ಒಂದು ಉಪಾಯ ಹೇಳಿಕೊಟ್ಲು. "ಅಮ್ಮಾ, ಹೋಟೆಲಿನವರು ಹಾಕಿದ ಫೋಟೋ ನೋಡಬ್ಯಾಡ, ಇಳಕೊಂಡವರು ಹಾಕಿದ್ದು ನೋಡು. ಐದು ಚುಕ್ಕಿ ಕೊಟ್ಟವರದೂ ಬಿಡು, ಒಂದು ಚುಕ್ಕಿಯವರದೂ ಬಿಡು. ಮೂರು ಕೊಟ್ಟವರದು ಓದು, ಅದೂ ಹೋದ ತಿಂಗಳದ್ದು." ಖರೇನ. ಐದು ಚುಕ್ಕಿಯವರು ಬರೇ 'ಸೂಪರ್' ಅಂತ ಬರದಿರ್ತಾರ, ಒಂದರವರು ಜಗಳ ಆಡಿ ಬಂದಿರ್ತಾರ. ನೀರು ಯಾವಾಗ ಬರ್ತದ, ಯಾವ ಖೋಲಿಗೆ ರಸ್ತೆ ಗದ್ದಲ ಅಂತ ತಾಳ್ಮಿಲೆ ಬರಿಯೋರು ಮೂರು ಚುಕ್ಕಿಯವರ.

ಹಂಗ ಸೋಸಿ ಸೋಸಿ ನಾಕು ಉಳದ್ವು. ನಾಕಕ್ಕೂ ಫೋನ್ ಮಾಡಿದೆ. ಹಾಲಿನ ಲೆಕ್ಕದ ವಹಿ ಹಿಂದಿನ ಹಾಳಿ ಮ್ಯಾಲೆ ಪ್ರಶ್ನೆ ಬರಕೊಂಡೇ ಕೂತಿದ್ದೆ. ನಿಮಗೂ ಉಪಯೋಗ ಆಗ್ತದ ಅಂತ ಹೇಳ್ತೇನಿ.

ಲಿಫ್ಟ್ ಅದ ಏನು ಅಂತ ಕೇಳಿದ್ರ ಸಾಲಂಗಿಲ್ಲ. ಲಿಫ್ಟ್ ಮುಟ್ಟಲಿಕ್ಕೆ ಎಷ್ಟು ಪಾವಟಿಗಿ ಹತ್ತಬೇಕು ಅಂತ ಕೇಳಬೇಕು. ಭಾಳ ಕಡೆ ಲಿಫ್ಟ್ ಶುರು ಆಗೋದ ಎಂಟು-ಹತ್ತು ಪಾವಟಿಗಿ ಆದ ಮ್ಯಾಲೆ. ಕರೆಂಟ್ ಹೋದ್ರ ಜನರೇಟರ್ ಲಿಫ್ಟಿಗೂ ಅದನೋ ಬರೇ ಲೈಟಿಗೋ? ಬಿಸಿನೀರು ದಿನಾ ಪೂರ್ತಿನೋ, ಬೆಳಿಗ್ಗೆ ಎರಡು ತಾಸೋ? ಕಮೋಡ್ ಬಾಜೂಕ ಹಿಡಕೊಳ್ಳಲಿಕ್ಕೆ ಕಂಬಿ ಅದ ಏನು? ಬಚ್ಚಲಾ ಖೋಲಿಗಿಂತ ಎತ್ತರಕ್ಕದನೋ ತಗ್ಗಿಗದನೋ? ವಯಸ್ಸಾದವರು ಎಡವೋದು ಆ ಒಂದು ಗೇಣು ಹೊಸ್ತಲಾಗ. ನಸಿಕಿನ್ಯಾಗ ಬಂದ್ರ ಖೋಲಿ ಕೊಡ್ತೀರೇನು, ಅದಕ್ಕ ಬ್ಯಾರೆ ರೊಕ್ಕ ಎಷ್ಟು? ಹೇಳಿದ ಬಾಡಗಿ ಜಿಎಸ್‌ಟಿ ಸೇರಿಸಿನೋ ಬಿಟ್ಟೋ? 2025ರ ಸಪ್ಟೆಂಬರ್ 22ರಿಂದ ದಿನಕ್ಕ 7,500 ರೂಪಾಯಿ ತನಕ ಬಾಡಗಿ ಇರೋ ಖೋಲಿಗೆ ತೆರಿಗಿ 12 ಇದ್ದದ್ದು ಶೇಕಡಾ 5ಕ್ಕ ಇಳದದ. ಯಾರರ ಇನ್ನೂ 12 ಅಂದ್ರ ಸುಮ್ನ ಕೊಡಬ್ಯಾಡ್ರಿ. ಕಡೀ ಪ್ರಶ್ನೆ, ಖೋಲಿ ನೋಡಿದ ಮ್ಯಾಲೆ ರೊಕ್ಕ ಕೊಡ್ತೇನಿ, ಆಗ್ತದ ಏನು?

ಒಂದು ಹೋಟೆಲಿನವಾ ಮೂರನೇ ಪ್ರಶ್ನೆಕ್ಕ ಫೋನ್ ಇಟ್ಟಾ. ಇನ್ನೊಬ್ಬರು ಎಲ್ಲಾದಕ್ಕೂ "ಎಲ್ಲಾ ಇದೆ ಮೇಡಂ, ಎಲ್ಲಾ ಇದೆ" ಅಂದ್ರು. ಹೊಸ್ತಲು ಎತ್ತರ ಅದನೋ ತಗ್ಗದನೋ ಅಂದ್ರೂ "ಇದೆ ಮೇಡಂ" ಅಂದಾಗ ಅದನ್ನೂ ಹೊಡದು ಹಾಕಿದೆ. ಮೂರನೇದು ಛಲೋ ಇತ್ತು, ಖೋಲಿ ಮಾತ್ರ ಮೊದಲ ತೋರಸಂಗಿಲ್ಲ ಅಂದ್ರು. ನಾಕನೇದರಾಗ ಒಬ್ಬಾಕಿ ಹುಡುಗಿ ಫೋನ್ ಎತ್ತಿದ್ಲು. ಪಾವಟಿಗಿ ಎಷ್ಟು ಅಂದೆ. "ಒಂದು ನಿಮಿಷ, ಹೋಗಿ ನೋಡ್ತೀನಿ ಮೇಡಂ" ಅಂದ್ಲು. ಬಂದು, "ಬಾಗ್ಲಲ್ಲಿ ಎರಡೇ ಮೆಟ್ಟಿಲು ಇದೆ, ನಾವು ಕೈ ಹಿಡ್ಕೋತೀವಿ. ಕಂಬಿ ಮಾತ್ರ ಎರಡೇ ರೂಮಲ್ಲಿದೆ, ಒಂದು ನಿಮ್ಮ ಹೆಸರಿಗೆ ಇಡ್ತೀನಿ. ರೂಮು ಚಿಕ್ಕದು, ಮೊದಲೇ ಹೇಳಿಬಿಡ್ತೀನಿ" ಅಂದ್ಲು. ಗೊತ್ತಿಲ್ಲದ್ದಕ್ಕ ಹೋಗಿ ನೋಡಿ ಬಂದ್ಲಲಾ, ಇಲ್ಲದ್ದನ್ನ ಇಲ್ಲ ಅಂದ್ಲಲಾ, ನಂಗ ಅಷ್ಟು ಸಾಕಾತು.

ಅದು ಸೌತ್ ಎಂಡ್ ಸರ್ಕಲ್ ಮೆಟ್ರೋ ಹತ್ರ. ಮೆಜೆಸ್ಟಿಕ್‌ದಿಂದ ಹಸಿರು ಮಾರ್ಗದಾಗ ಒಂದ ಗಾಡಿ. ಅಲ್ಲಿಂದ ಜಯದೇವಕ್ಕ ಹೋಗಲಿಕ್ಕೆ ಎರಡನೇ ಸ್ಟೇಷನ್ ಆರ್.ವಿ. ರೋಡಿನ್ಯಾಗ ಇಳದು ಹಳದಿ ಮಾರ್ಗಕ್ಕ ಬದಲಿ ಮಾಡಿದ್ರ ಮತ್ತ ಎರಡನೇದ ದವಾಖಾನಿ ಸ್ಟೇಷನ್. ಹಳದಿ ಮಾರ್ಗ ಶುರು ಆಗಿದ್ದು 2025ರ ಆಗಸ್ಟಿನ್ಯಾಗ. ಸ್ಟೇಷನ್ ಒಳಗೆಲ್ಲಾ ಲಿಫ್ಟ್ ಅವ. ಆಟೋದವರ ಜೋಡಿ ಗುದ್ದಾಡೋದು ತಪ್ಪತು. ಗಾಡಿನೂ ಬದಲಿಸಿದೆ. ಮಧ್ಯಾಹ್ನ ಧಾರವಾಡದಿಂದ ಹೊರಡೋ ವಂದೇ ಭಾರತದಾಗ ಹೋದ್ರ ರಾತ್ರಿ ಊಟದ ಹೊತ್ತಿಗೆ ಹೋಟೆಲ್ ಮುಟ್ಟತೀವಿ, 12ರ ಲೆಕ್ಕದ ತಕರಾರ ಇಲ್ಲ. ಟಿಕೇಟು ತುಟ್ಟಿ, ಖರೆ. ಆದ್ರ ಅತ್ತಿಯವರು ರಾತ್ರಿ ಪೂರ್ತಿ ಮಲಗಿ ಎದ್ದು ಪರೀಕ್ಷಾಕ್ಕ ಹೋಗ್ತಾರ.

ಇನ್ನು ಬಾಡಗಿ. ಹಳೇದಕ್ಕ ದಿನಕ್ಕ 1,200 ಕೊಡ್ತಿದ್ವಿ. ಹೊಸಾದಕ್ಕ 2,600, ಮ್ಯಾಲೆ ತೆರಿಗಿ 130. ನಮ್ಮನಿಯವರು ಲೆಕ್ಕ ಕೇಳಿ ಸುಮ್ನ ನನ್ನ ಮಾರಿ ನೋಡಿದ್ರು. "ಪಾವಟಿಗಿ ಮ್ಯಾಲೆ ಕೂತಿದ್ದು ನಿಮ್ಮವ್ವಾರು, ನೋಡಿದಾಕಿ ನಾನು" ಅಂದೆ. ಮುಂದ ಮಾತು ಬರಲಿಲ್ಲ.

ಅತ್ತಿಯವರಿಗೆ ಹೇಳೋದ ನಂಗ ದೊಡ್ಡ ಕೆಲಸ ಆಗಿತ್ತು. ಗಾಡ್ಯಾಗ ಹಾವೇರಿ ದಾಟಿದ ಮ್ಯಾಲೆ ಹೇಳಿದೆ. "ಹೂಂ" ಅಂದು ಕಿಡಕಿ ಕಡೆ ಮಾರಿ ಮಾಡಿ ಕೂತರು. ನನ್ನ ಹೊಟ್ಟ್ಯಾಗ ಕಲಸಿಧಂಗಾತು.

ಹೋಟೆಲ್ ಮುಟ್ಟಿದ್ವಿ. ಎರಡ ಪಾವಟಿಗಿ, ಖರೇನ. ಆ ಹುಡುಗಿ ಬಂದು ಕೈನೂ ಹಿಡದ್ಲು. ಆಧಾರ್ ಕೇಳಿದ್ರು, ಮಗಳು ಮೊದಲ ಇಳಿಸಿಕೊಟ್ಟಿದ್ಲು, ಕಡೀ ನಾಕು ಅಂಕಿ ಅಷ್ಟ ಕಾಣೋದು, ಅದನ್ನ ಕೊಟ್ಟೆ. ಬ್ಯಾಗ್ ಹೊರಗ ಇಟ್ಟು ಮೊದಲು ನಾನ ಒಳಗ ಹೋಗಿ ಚಾದರ ಎತ್ತಿ ಗಾದಿ ಹೊಲಿಗಿ ನೋಡಿದೆ, ತೆಲಿದಿಂಬು ತಿರುವಿ ನೋಡಿದೆ, ನಳಾ ಬಿಟ್ಟೆ, ಚಿಲಕ ಹಾಕಿ ತಗದೆ. ಬಾಗಲದಾಗ ನಿಂತ ಹುಡುಗಗ ನಗು ಬಂದಿತ್ತು. ನಗಲಿ ಬಿಡ್ರಿ. ಖೋಲಿ ಖರೇನ ಸಣ್ಣದು, ಕಿಡಕಿ ತಗದ್ರ ಎದುರಿಗೆ ಗ್ವಾಡಿ. ಒಂದು ಪ್ಲೇಟ್ ಇಡ್ಲಿಗೆ ಅವರು ತಗೊಳ್ಳೋ ರೊಕ್ಕದಾಗ ಓಣಿಗೆಲ್ಲಾ ಇಡ್ಲಿ ಹಾಕಬಹುದು. ನಾವು ಕಟಗೊಂಡು ಹೋದ ಚಪಾತಿ, ಶೇಂಗಾ ಹಿಂಡಿ ಉಂಡ್ವಿ.

ಅತ್ತಿಯವರು ಕಾಲು ಚಾಚಿ ಮಲಗಿ, ಸ್ವಲ್ಪ ಹೊತ್ತು ಬಿಟ್ಟು ಅಂದ್ರು: "ಹಿಂದಿನ ವರ್ಷನ ಬದಲಿ ಮಾಡಬೇಕಿತ್ತು ನೋಡವಾ."

"ಅತ್ಯಾ, ಮಾವನವರ ಖೋಲಿ ಅಂತ ನಿಮಗ..."

"ಅವರು ಇದ್ದಾಗ ಅದು ಅವರ ಖೋಲಿ. ಮೊದಲನೇ ಸಲ ಆ ಖುರ್ಚಿ ಮ್ಯಾಲೆ ಕೂಡಿಸಿದಾಗ ನಂಗ ಸಾಕಾಗಿತ್ತು. ಆದ್ರ ರೊಕ್ಕದ್ದು ನೋಡಿ ಅಲ್ಲಿಗೇ ಕರಕೊಂಡು ಬರತಿ ಅಂದ್ಕೊಂಡಿದ್ದೆ. ನನ್ನ ಔಷಧಕ್ಕ ಮೊದಲ ಇಷ್ಟು ಖರ್ಚು. ಮತ್ತ ಲಾಡ್ಜು ಬದಲಿ ಮಾಡು ಅಂತ ಹೆಂಗ ಅನ್ಲಿ?"

ನಂಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಅವರ ಸಲುವಾಗಿ ನಾನು ಬಾಯಿ ಮುಚಗೊಂಡು, ನನ್ನ ಸಲುವಾಗಿ ಅವರು ಬಾಯಿ ಮುಚಗೊಂಡು, ಒಂದು ವರ್ಷ ಇಬ್ಬರೂ ತಗಣಿ ಕಡಿಸಿಕೊಂಡ್ವಿ. ಒಂದ ಮನ್ಯಾಗ, ಒಂದ ಒಲಿ ಮುಂದ ಇಪ್ಪತ್ತಾರು ವರ್ಷ ಕೂಡಿ ಕೆಲಸ ಮಾಡಿದವರು ನಾವು.

ಮರುದಿನ ಪರೀಕ್ಷಾ ಎಲ್ಲಾ ಮುಗದ ಮ್ಯಾಲೆ ಅತ್ತಿಯವರು ಹಳೇ ಮ್ಯಾನೇಜರಗ ಫೋನ್ ಹಚ್ಚು ಅಂದ್ರು. ಮಾವನವರ ವಹ್ಯಾಗಿಂದ ನನ್ನ ಮೊಬೈಲಿಗೆ ಬರಕೊಂಡಿದ್ದ ನಂಬರ್, ಹತ್ತತದೋ ಇಲ್ಲೋ ಅಂತಿದ್ದೆ. ಹತ್ತತು. ಊರಾಗ ತೋಟ ನೋಡ್ಕೊಂಡಿದ್ದಾರಂತ. ಲಾಡ್ಜಿನ ಸುದ್ದಿ ಕೇಳಿ, "ನಾನೇ ಇಲ್ಲ ಅಲ್ಲಿ, ನೀವು ಯಾಕೆ ಹೋಗ್ತೀರಿ ಅಮ್ಮ?" ಅಂದ್ರು. ಕಡೀಗೆ ತಾವಾಗೇ ಹೇಳಿದ್ರು, ಬಿಟ್ಟು ಬರೋವಾಗ ರಾಯರ ಛತ್ರಿ ತಮ್ಮ ಜೋಡಿ ತಂದಾರಂತ, ಅಲ್ಲಿ ಬಿಟ್ಟು ಬರಲಿಕ್ಕೆ ಮನಸ್ಸಾಗಲಿಲ್ಲಂತ. ಅತ್ತಿಯವರು ಫೋನ್ ನನ್ನ ಕೈಯಾಗ ಕೊಟ್ಟು ಸೆರಗಿಲೆ ಕಣ್ಣು ಒರಸಿಕೊಂಡ್ರು. "ಇರ್ಲಿ ಬಿಡು, ಅವರ ಹತ್ರಾನ ಇರ್ಲಿ" ಅಂದ್ರು.

ಬೆಂಗಳೂರಿಗೆ ಹೋಗೋದಿದ್ರ ಈ ಹೊಸಾ ಹೋಟೆಲಿನ ಹೆಸರು ಮನಿಗೆ ಬಂದು ಕೇಳ್ರಿ, ಹೇಳ್ತೇನಿ. ಆದ್ರ ನಾ ಹೇಳೀನಿ ಅಂತ ಹಂಗ ಹೊಕ್ಕು ಮಲಗಬ್ಯಾಡ್ರಿ. ಚಾದರ ಎತ್ತಿ ನೋಡಿನ ರೊಕ್ಕ ಕೊಡ್ರಿ.