ಭಾರವಿಳಿಸುವ ಬಾಗಿಲು

ಇಂಗ್ಲೆಂಡಿನ ಹಳ್ಳಿಗಳಲ್ಲಿ ಚರ್ಚಿನ ಅಂಗಳಕ್ಕೆ ಕಾಲಿಡುವೆಡೆಯಲ್ಲಿ ಸೂರುಳ್ಳ ಪುಟ್ಟ ದ್ವಾರವೊಂದು ಹಲವೆಡೆ ಕಾಣಸಿಗುತ್ತದೆ. ಅದರ ಹೆಸರು ಲಿಚ್‌ಗೇಟ್. ಹಳೆಯ ಇಂಗ್ಲಿಷಿನಲ್ಲಿ ‘ಲಿಚ್’ ಎಂದರೆ ದೇಹ, ಶವ. ಶವಯಾತ್ರೆ ಮೊದಲು ನಿಲ್ಲುತ್ತಿದ್ದುದು ಇಲ್ಲಿಯೇ. ಪಾದ್ರಿಯು ಶವವನ್ನು ಅಂಗಳದ ಪ್ರವೇಶದಲ್ಲಿಯೇ ಎದುರುಗೊಳ್ಳಬೇಕೆಂಬ ವಿಧಿ 1549ರ ಪ್ರಾರ್ಥನಾ ಗ್ರಂಥದಲ್ಲಿದ್ದು, 1662ರ ಗ್ರಂಥದಲ್ಲಿಯೂ ಉಳಿದುಬಂದಿತು.

ಇದರ ರಚನೆಯೆಲ್ಲವೂ ಈ ಒಂದು ಕಾರ್ಯಕ್ಕೆ ತಕ್ಕಂತಿದೆ. ಕಲ್ಲಿನ ತಳಪಾಯದ ಮೇಲೆ ದಪ್ಪ ಓಕ್ ಮರದ ಕಂಬಗಳು. ಕಂಬಕ್ಕೂ ತೊಲೆಗೂ ನಡುವೆ ಬಾಗಿದ ಆನಿಕೆಗಳು. ಮೇಲೆ ಎರಡು ಇಳಿಜಾರಿನ ಕಡಿದಾದ ಮಾಡು. ಹೊದಿಕೆ ಆಯಾ ಸೀಮೆಯದು: ಒಂದೆಡೆ ಹೆಂಚು, ಇನ್ನೊಂದೆಡೆ ಕಲ್ಲಿನ ಹಲಗೆ, ಮತ್ತೊಂದೆಡೆ ಹುಲ್ಲು. ಕೆಲವೆಡೆ ನಡುವೆ ಶವಪೆಟ್ಟಿಗೆಯನ್ನು ಇಳಿಸುವ ಕಲ್ಲು, ಇಕ್ಕೆಲಗಳಲ್ಲಿ ಹೆಗಲು ಕೊಟ್ಟವರು ಕೂಡಲು ಜಗಲಿ. ದೂರದಿಂದ ಹೊತ್ತು ಬಂದವರು ಮಳೆಯಲ್ಲಿ ನೆನೆಯದೆ ಪಾದ್ರಿಗಾಗಿ ಕಾಯಬಹುದಾಗಿತ್ತು.

ಬೆಕೆನ್‌ಹ್ಯಾಮ್‌ನಲ್ಲಿರುವ ಇಂತಹ ದ್ವಾರವು 13ನೆಯ ಶತಮಾನದ್ದೆಂದು ಪ್ರತೀತಿ. ಆದರೆ ಇಂದು ನಾವು ಕಾಣುವ ಬಹುಪಾಲು ದ್ವಾರಗಳು ವಿಕ್ಟೋರಿಯಾ ರಾಣಿಯ ಕಾಲದವು ಅಥವಾ ಅನಂತರದವು. 1839ರಲ್ಲಿ ಸ್ಥಾಪಿತವಾದ ಕೇಂಬ್ರಿಜ್ ಕ್ಯಾಮ್ಡೆನ್ ಸಂಘವು ಮಧ್ಯಯುಗದ ಗೋಥಿಕ್ ಶೈಲಿಯೇ ದೇವಾಲಯಕ್ಕೆ ಯೋಗ್ಯವೆಂದು ಸಾರಿತು. ಅದರ ಪ್ರಭಾವದಲ್ಲಿ ಬೆಳೆದ ವಿಲಿಯಂ ಬಟರ್‌ಫೀಲ್ಡ್, ಬ್ರಿಸ್ಟಲ್ ಸಮೀಪದ ಕೋಲ್‌ಪಿಟ್ ಹೀತ್ ಎಂಬ ಗಣಿಗಾರರ ಹಳ್ಳಿಯಲ್ಲಿ 1844-45ರ ಸುಮಾರಿಗೆ ಚರ್ಚ್, ಪಾದ್ರಿಯ ನಿವಾಸ ಹಾಗೂ ಲಿಚ್‌ಗೇಟ್ ಈ ಮೂರನ್ನೂ ತಾನೇ ರೂಪಿಸಿದನು. ಮುಂದೆ ಲಂಡನ್ನಿನ ಆಲ್ ಸೇಂಟ್ಸ್ ಚರ್ಚಿನಿಂದ ಖ್ಯಾತನಾದ ಈ ಶಿಲ್ಪಿಗೆ ಬಾಗಿಲೂ ಗುಡಿಯಷ್ಟೇ ಮುಖ್ಯವಾಗಿತ್ತೆಂಬುದು ಗಮನಾರ್ಹ.

ಇಲ್ಲೊಂದು ವೈಚಿತ್ರ್ಯವಿದೆ. 1850ರ ದಶಕದ ಕಾಯಿದೆಗಳಿಂದ ಪಟ್ಟಣಗಳ ಚರ್ಚ್ ಅಂಗಳಗಳಲ್ಲಿ ಹೂಳುವುದು ನಿಲ್ಲುತ್ತ ಬಂದಿತು. ಊರ ಹೊರಗೆ ಹೊಸ ಸ್ಮಶಾನಗಳಾದವು. ಹೆಗಲ ಮೇಲೆ ಹೊತ್ತು ತರುವ ರೂಢಿ ಕ್ಷೀಣಿಸುತ್ತಿದ್ದ ಶತಮಾನದಲ್ಲಿಯೇ ಈ ದ್ವಾರಗಳು ಹೆಚ್ಚು ಹೆಚ್ಚಾಗಿ ಎದ್ದವು. ಹಾಗಾದರೆ ಇವು ಬರಿಯ ಅಲಂಕಾರವೇ? ಹಾಗೆನ್ನಲು ನಮ್ಮ ಮನಸ್ಸು ಒಪ್ಪದು. 1914-18ರ ಮಹಾಯುದ್ಧದ ಬಳಿಕ, ಮಕ್ಕಳ ದೇಹವೂ ಮರಳದ ಎಷ್ಟೋ ಊರುಗಳವರು ಸ್ಮಾರಕಕ್ಕಾಗಿ ಆರಿಸಿಕೊಂಡದ್ದು ಇದೇ ದ್ವಾರವನ್ನು. ಮಡಿದವರ ಹೆಸರುಗಳನ್ನು ಅಲ್ಲಿ ಕೆತ್ತಿಸಿದರು. ಶವವೇ ಬಾರದಿದ್ದರೂ ಅದನ್ನು ಎದುರುಗೊಳ್ಳುವ ಸ್ಥಳವೊಂದು ಅವರಿಗೆ ಬೇಕಾಗಿತ್ತು.

ಇಂದು ಮೋಟಾರು ವಾಹನವು ಶವವನ್ನು ನಿಮಿಷಗಳಲ್ಲಿ ತಲುಪಿಸುತ್ತದೆ. ಭಾರವೂ ಇಲ್ಲ, ತಂಗುವ ಅಗತ್ಯವೂ ಇಲ್ಲ. ಹೆಗಲಿನ ಭಾರ ಇಳಿದರೂ ಎದೆಯ ಭಾರ ಇಳಿಯಲು ಹೊತ್ತು ಬೇಕು. ಅಗಲಿದವರ ಮುಂದೆ ಅವಸರ ಸಲ್ಲದೆಂಬುದನ್ನು ಆ ಪುಟ್ಟ ಸೂರು ಇಂದಿಗೂ ಮೌನವಾಗಿ ಹೇಳುತ್ತಿದೆ.