ಕಡಲಿಲ್ಲದ ಊರಿನ ಊಟ

ಕ್ಯೋಟೊದಲ್ಲಿ ವಿಳಾಸ ಹೇಳೋ ಪದ್ಧತಿ ನನ್ನಂಥ ಕೋಡ್ ಬರೆಯೋನಿಗೆ ತುಂಬಾ ಹಿಡಿಸಿಬಿಡ್ತು. ಮೊದಲು ಎರಡು ರಸ್ತೆ ಕೂಡೋ ಜಾಗ ಹೇಳ್ತಾರೆ. ಆಮೇಲೆ ಅಲ್ಲಿಂದ ‘ಅಗರು’ ಅಥವಾ ‘ಸಗರು’. ಅಗರು ಅಂದರೆ ಹತ್ತು, ಸಗರು ಅಂದರೆ ಇಳಿ. ಹತ್ತೋದು ಉತ್ತರಕ್ಕೆ, ಇಳಿಯೋದು ದಕ್ಷಿಣಕ್ಕೆ. ಊರಿನ ನೆಲವೇ ಉತ್ತರದಿಂದ ದಕ್ಷಿಣಕ್ಕೆ ಇಳಿಜಾರು, ಅದಕ್ಕೇ ಈ ಮಾತು ಸರಿಯಾಗಿ ಕೂರುತ್ತೆ. 794ರಲ್ಲಿ ರಾಜಧಾನಿ ಅಂತ ಕಟ್ಟುವಾಗಲೇ ಚದುರಂಗದ ಮಣೆಯ ಹಾಗೆ ರಸ್ತೆ ಎಳೆದಿದ್ದರು. ಜಯನಗರದ ಮೇನು, ಕ್ರಾಸು ಗೊತ್ತಿರೋರಿಗೆ ಅಲ್ಲಿ ದಾರಿ ತಪ್ಪೋದು ಕಷ್ಟ.

ಆಫೀಸಿನ ಕೆಲಸಕ್ಕೆ ಅಂತ ಮೂರು ವಾರ ಒಸಾಕಾದಲ್ಲಿದ್ದೆ. ಅಲ್ಲಿಂದ ಕ್ಯೋಟೊಗೆ ರೈಲಲ್ಲಿ ಅರ್ಧ ಗಂಟೆ. ನವೆಂಬರ್ ಕೊನೆಯ ಒಂದು ಭಾನುವಾರ ಇಡೀ ದಿನ ಆ ಊರನ್ನ ‘ಇಳಿಯೋಣ’ ಅಂತ ಹೊರಟೆ. ಉತ್ತರದ ತುದಿಯಿಂದ ಶುರುಮಾಡಿ, ದಾರಿಯಲ್ಲಿ ಸಿಕ್ಕಿದ್ದನ್ನು ತಿಂತಾ, ಕಾಲು ಹೋದಷ್ಟು ದೂರ ದಕ್ಷಿಣಕ್ಕೆ. ಒಂದೇ ತೊಡಕು, ನಾನು ಸಸ್ಯಾಹಾರಿ. ನೆಟ್ಟಗೆ ಕಲಿತ ಜಪಾನಿ ವಾಕ್ಯ ಒಂದೇ: ‘ನಿಕು ನಾಶಿ, ಸಕಾನ ನಾಶಿ, ಕತ್ಸುಓ ದಾಶಿ ನಾಶಿ.’ ಮಾಂಸ ಬೇಡ, ಮೀನು ಬೇಡ, ಮೀನಿನ ಸಾರೂ ಬೇಡ. ಕೊನೆಯದು ಬಹಳ ಮುಖ್ಯ. ನೋಡಕ್ಕೆ ಬರೀ ತರಕಾರಿ ಇರೋ ಬಟ್ಟಲಲ್ಲೂ ಒಣಮೀನು ಹೆರೆದು ಕುದಿಸಿದ ನೀರು ಇರುತ್ತೆ.

ಮೊದಲ ನಿಲ್ದಾಣ ಇಮಾಮಿಯಾ ಗುಡಿ. ಗುಡಿಯ ಪೂರ್ವದ ಬಾಗಿಲ ಮುಂದೆ ಎದುರುಬದುರಾಗಿ ಎರಡು ಅಂಗಡಿ, ಎರಡೂ ಮಾರೋದು ಒಂದೇ ತಿಂಡಿ. ಹೆಸರು ಅಬುರಿ ಮೋಚಿ. ಹೆಬ್ಬೆರಳಿನಷ್ಟು ಅಕ್ಕಿಮುದ್ದೆಯನ್ನ ಹುರಿದ ಸೋಯಾ ಹಿಟ್ಟಲ್ಲಿ ಹೊರಳಿಸಿ, ಬಿದಿರು ಕಡ್ಡಿಗೆ ಸಿಕ್ಕಿಸಿ, ಕೆಂಡದ ಮೇಲೆ ಸುಟ್ಟು, ಸಿಹಿಯಾದ ಬಿಳಿ ಮಿಸೊ ಸುರಿದು ಕೊಡ್ತಾರೆ. ಒಂದು ಅಂಗಡಿ ಸುಮಾರು 400 ವರ್ಷ ಹಳೇದು. ಅದು ಹೊಸ ಅಂಗಡಿ! ಎದುರಿನ ‘ಇಚಿವಾ’ ತನ್ನ ಲೆಕ್ಕವನ್ನ ಕ್ರಿ.ಶ. 1000ದಿಂದ ಹೇಳುತ್ತೆ. ಮೆನು ಅಂತ ಏನೂ ಇಲ್ಲ, ಎಷ್ಟು ಪ್ಲೇಟು ಅಂತ ಕೇಳಿದರೆ ಮುಗೀತು. ಸುಟ್ಟ ತುದಿಯ ಸಣ್ಣ ಕಹಿ, ಮೇಲೆ ಮಿಸೊದ ಸಿಹಿ. ಹೊಸ ವರ್ಷನ್ ಬಿಡುಗಡೆ ಮಾಡದೇ ಇಷ್ಟು ಕಾಲ ನಡೆದ ಪ್ರಾಡಕ್ಟನ್ನು ನಾನು ಬೇರೆಲ್ಲೂ ನೋಡಿಲ್ಲ.

ಅಲ್ಲಿಂದ ಇಳಿದರೆ ದಾಯ್ತೋಕುಜಿ, ದೊಡ್ಡ ಝೆನ್ ಮಠ. ಅದರೊಳಗೆ ಹತ್ತಾರು ಉಪಮಠಗಳು. ಒಂದರ ಅಂಗಳದಲ್ಲಿ ಶೋಜಿನ್ ರ್‍ಯೋರಿ ಬಡಿಸ್ತಾರೆ, ಅಂದರೆ ಭಿಕ್ಷುಗಳ ಅಡುಗೆ. ಮಾಂಸ, ಮೀನು ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ. ನಮ್ಮ ಕಡೆ ಶ್ರಾದ್ಧದ ಅಡುಗೆಮನೆಯ ನಿಯಮ ಅಷ್ಟು ದೂರದಲ್ಲಿ ಕಾಣಿಸಿದಾಗ ನಗು ಬಂತು. ಕೆಂಪು ಬಟ್ಟಲುಗಳಲ್ಲಿ ಎಳ್ಳಿನ ತೋಫು, ಸೋಯಾ ಹಾಲಿನ ಕೆನೆ, ಬೇಯಿಸಿದ ಗೆಡ್ಡೆ ಬಂದವು. ಆ ವಾರದಲ್ಲಿ ನನ್ನ ಒಂದೇ ವಾಕ್ಯವನ್ನ ಬಳಸದೇ ಉಂಡ ಮೊದಲ ಊಟ ಅದು. ಈ ಊರಲ್ಲಿ 1200ರಲ್ಲಿ ಹುಟ್ಟಿದ ದೋಗೆನ್ ಎಂಬ ಝೆನ್ ಗುರು 1237ರಲ್ಲಿ ಮಠದ ಅಡುಗೆಯವನಿಗಾಗಿಯೇ ಒಂದು ಗ್ರಂಥ ಬರೆದ. ಅಕ್ಕಿ ತೊಳೆಯೋದು, ಸೊಪ್ಪು ಆರಿಸೋದು ಧ್ಯಾನಕ್ಕಿಂತ ಕಡಿಮೆ ಕೆಲಸ ಅಲ್ಲ ಅನ್ನೋದು ಅದರ ತಿರುಳು.

ಮೀನಿಲ್ಲದೆಯೂ ಆ ಸಾರಿಗೆ ಅಷ್ಟೊಂದು ರುಚಿ ಎಲ್ಲಿಂದ ಬಂತು? ಕೊಂಬು ಅನ್ನೋ ಕಡಲ ಪಾಚಿಯಿಂದ. ತಮಾಷೆ ಅಂದರೆ ಕ್ಯೋಟೊದಲ್ಲಿ ಕಡಲೇ ಇಲ್ಲ. ಮೂರು ಕಡೆ ಬೆಟ್ಟ. ಕೊಂಬು ಬೆಳೆಯೋದು ದೂರದ ಉತ್ತರದ ಹೊಕ್ಕಾಯ್ಡೋದಲ್ಲಿ. ಹಿಂದಿನ ಕಾಲದಲ್ಲಿ ಅದನ್ನ ಹಡಗಲ್ಲಿ ಪಶ್ಚಿಮ ಕರಾವಳಿಗುಂಟ ಇಳಿಸಿ, ಅಲ್ಲಿಂದ ನೆಲದ ದಾರಿ, ಬಿವಾ ಸರೋವರದ ದೋಣಿ ದಾಟಿಸಿ ತರ್ತಿದ್ದರು. ಕ್ಯೋಟೊದ ಅಂತರ್ಜಲ ಮೆದು ನೀರು. ಗಡಸು ನೀರಿಗಿಂತ ಮೆದು ನೀರಲ್ಲಿ ಕೊಂಬು ಚೆನ್ನಾಗಿ ರಸ ಬಿಡುತ್ತೆ. ದೂರದ ಪಾಚಿ, ಕಾಲಡಿಯ ನೀರು, ಎರಡೂ ಸೇರಿದ ಮೇಲೆ ಈ ರುಚಿ. ಆ ರುಚಿಗೆ ಹೆಸರಿಟ್ಟವರೂ ಇದೇ ಊರಲ್ಲಿ ಹುಟ್ಟಿದವರು. 1908ರಲ್ಲಿ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ ಕೊಂಬಿನಿಂದ ಗ್ಲುಟಮೇಟ್ ಬೇರ್ಪಡಿಸಿ ಅದರ ರುಚಿಯನ್ನ ‘ಉಮಾಮಿ’ ಅಂತ ಕರೆದರು. ಮರುವರ್ಷ ಅದು ಪುಡಿಯಾಗಿ ಮಾರುಕಟ್ಟೆಗೆ ಬಂತು. ಹೆಸರು ಅಜಿನೊಮೊಟೊ. ನಮ್ಮ ಗೋಬಿ ಮಂಚೂರಿ ಗಾಡಿಯ ಬಿಳಿ ಪುಡಿಯ ಮೂಲ ಒಂದು ಬಟ್ಟಲು ಕೊಂಬು ಸಾರು ಅಂತ ಗೊತ್ತಾದ ಮೇಲೆ ಆ ಪುಡಿಯ ಮೇಲೆ ಸ್ವಲ್ಪ ಗೌರವ ಬಂತು.

ಮುಂದೆ ಪೂರ್ವಕ್ಕೆ ಒಂದು ಮುಕ್ಕಾಲು ಗಂಟೆ ನಡೆದರೆ ದೆಮಾಚಿ. ಎರಡು ಹೊಳೆ ಕೂಡಿ ಮುಂದಕ್ಕೆ ಕಾಮೊ ನದಿಯಾಗಿ ಇಳಿಯೋ ಜಾಗ. ನೀರಿನ ನಡುವೆ ಆಮೆಯಾಕಾರದ ಕಲ್ಲುಗಳಿವೆ, ಮಕ್ಕಳು ಅದರ ಮೇಲೆ ಹಾರ್ತಾ ನದಿ ದಾಟ್ತಾರೆ. ಸೇತುವೆಯ ಪಕ್ಕದಲ್ಲಿ ಒಂದು ಕಲ್ಲು ನೆಟ್ಟಿದೆ, ‘ಬಂಗುಡೆ ದಾರಿ’ ಇಲ್ಲಿಗೆ ಬಂದು ಸೇರುತ್ತೆ ಅಂತ. ವಾಕಾಸಾ ಕರಾವಳಿಯ ಒಬಾಮಾದಿಂದ ಇಲ್ಲಿಗೆ ಹದಿನೆಂಟು ‘ರಿ’, ಅಂದರೆ ಹತ್ತಿರ ಹತ್ತಿರ 70 ಕಿಲೋಮೀಟರ್. ಹಿಡಿದ ಬಂಗುಡೆಗೆ ಅಲ್ಲೇ ಉಪ್ಪು ಹಚ್ಚಿ, ಬೆನ್ನ ಮೇಲೆ ಹೊತ್ತು, ಬೆಟ್ಟ ದಾಟಿ ನಡೆದು ಬರ್ತಿದ್ದರು. ಊರು ಸೇರುವಷ್ಟರಲ್ಲಿ ಉಪ್ಪು ಹದವಾಗಿ ಹಿಡಿದಿರ್ತಿತ್ತು. ಕ್ಯೋಟೊದವರು ಹಬ್ಬಕ್ಕೆ ತಿನ್ನೋ ಬಂಗುಡೆ ಸುಶಿ ಹುಟ್ಟಿದ್ದು ಹೀಗೆ. ನಾನದನ್ನ ತಿನ್ನಲ್ಲ, ಆದರೆ ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಊರಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅನ್ನೋದೇ ಅಲ್ಲಿನ ಅಡುಗೆಯನ್ನ ಹೆಚ್ಚು ರೂಪಿಸುತ್ತೆ ಅನ್ನಿಸ್ತು. ನಮ್ಮ ಮಲೆನಾಡಲ್ಲೂ ಅಷ್ಟೇ ಅಲ್ವಾ? ನಾಲ್ಕು ತಿಂಗಳು ಬಿಡದೆ ಮಳೆ ಹೊಡೆಯೋದಕ್ಕೇ ಹಪ್ಪಳ, ಸಂಡಿಗೆ, ಭರಣಿಯ ಉಪ್ಪಿನಕಾಯಿ ಎಲ್ಲ.

ನದಿಯ ದಂಡೆ ಹಿಡಿದು ಇನ್ನೂ ಮುಕ್ಕಾಲು ಗಂಟೆ ಇಳಿದೆ. ಒಬ್ಬ ಹುಡುಗ ಸೇತುವೆ ಕೆಳಗೆ ಸ್ಯಾಕ್ಸೊಫೋನ್ ಅಭ್ಯಾಸ ಮಾಡ್ತಿದ್ದ. ಬೆಳ್ಳಕ್ಕಿಗಳು ಅವನ ಕಡೆ ತಿರುಗಿಯೂ ನೋಡ್ತಿರಲಿಲ್ಲ. ನದಿ ಬಿಟ್ಟು ಬಲಕ್ಕೆ ಹೊರಳಿ ನಿಶಿಕಿ ಮಾರುಕಟ್ಟೆಗೆ ಬಂದೆ. ಸುಮಾರು 390 ಮೀಟರ್ ಉದ್ದದ, ಮೇಲೆ ಸೂರಿರೋ ಒಂದು ಇಕ್ಕಟ್ಟು ಬೀದಿ. ಎರಡೂ ಕಡೆ ನೂರಕ್ಕೂ ಹೆಚ್ಚು ಅಂಗಡಿ. ಊರವರು ಅದನ್ನ ಕ್ಯೋಟೊದ ಅಡುಗೆಮನೆ ಅಂತಾರೆ. ಫ್ರಿಜ್ ಇಲ್ಲದ ಕಾಲದಲ್ಲಿ ಇಲ್ಲಿ ಮೀನಿನ ಅಂಗಡಿಗಳು ನೆಲೆಯೂರಿದ್ದಕ್ಕೂ ಕಾರಣ ಕೆಳಗಿನ ತಣ್ಣನೆ ನೀರೇ. ಪೂರ್ವದ ತುದಿಯ ಗುಡಿಯಲ್ಲಿ ಆ ನೀರು ಇವತ್ತೂ ಹರೀತಾ ಇರುತ್ತೆ, ಯಾರು ಬೇಕಾದರೂ ಕುಡೀಬಹುದು.

ಉಪ್ಪಿನಕಾಯಿ ಅಂಗಡಿಯ ಮುಂದೆ ಮರದ ಪೀಪಾಯಿಗಳ ಸಾಲು. ತಟ್ಟೆಯಷ್ಟು ಅಗಲದ ನವಿಲುಕೋಸಿನ ಹಾಗೆ ಕಾಣೋ ಟರ್ನಿಪ್ಪನ್ನು ಹಪ್ಪಳದಂತೆ ಹೆರೆದು ಮಾಡಿದ ಸೆನ್ಮಾಯ್ಜುಕೆ, ಬದನೆಯ ನೇರಳೆ ಶಿಬಾಜುಕೆ. ನನಗೆ ಹಿಡಿಸಿದ್ದು ಸುಗುಕಿ. ಒಂದು ಜಾತಿಯ ಟರ್ನಿಪ್ಪು, ಉಪ್ಪು, ಅಷ್ಟೇ. ಉದ್ದದ ಮರದ ದಂಡಕ್ಕೆ ಕಲ್ಲು ತೂಗುಬಿಟ್ಟು ಒತ್ತಿ, ಹುಳಿ ಬರಿಸ್ತಾರೆ. ಅಂಗಡಿಯ ಅಜ್ಜಿ ಕಡ್ಡಿಗೆ ಸಿಕ್ಕಿಸಿ ಒಂದು ತುಂಡು ಕೊಟ್ಟರು. ಬಾಯಿಗಿಟ್ಟ ತಕ್ಷಣ ಅಮ್ಮ ಉಪ್ಪಲ್ಲಿ ಹಾಕಿಟ್ಟ ಅಪ್ಪೆಮಿಡಿಯ ನೀರು ನೆನಪಾಯ್ತು. ಆ ಪರಿಮಳ ಇಲ್ಲ, ಹುಳಿ ಮಾತ್ರ ಅದರ ತಂಗಿ.

ಈ ಬೀದಿಯಲ್ಲಿ 1716ರಲ್ಲಿ ಇತೊ ಜಾಕುಚು ಹುಟ್ಟಿದ. ತರಕಾರಿ ಸಗಟು ವ್ಯಾಪಾರದ ಮನೆಯ ಹಿರಿಮಗ. ಅಪ್ಪ ತೀರಿಕೊಂಡಾಗ ಇಪ್ಪತ್ತಮೂರಕ್ಕೇ ಅಂಗಡಿ ಹೆಗಲಿಗೆ ಬಂತು. ನಲವತ್ತಕ್ಕೆ ಅದನ್ನ ತಮ್ಮನಿಗೆ ಒಪ್ಪಿಸಿ, ಚಿತ್ರ ಬರೆಯಕ್ಕೆ ಕೂತುಬಿಟ್ಟ. ಇವತ್ತು ಜಪಾನಿನ ದೊಡ್ಡ ಚಿತ್ರಕಾರರಲ್ಲಿ ಒಬ್ಬ. ಅವನ ಒಂದು ಚಿತ್ರದಲ್ಲಿ ಬುದ್ಧನ ಮಹಾಪರಿನಿರ್ವಾಣವನ್ನ ಪೂರ್ತಿ ತರಕಾರಿಯಲ್ಲೇ ಬರೆದಿದ್ದಾನೆ. ನಡುವೆ ಮಲಗಿದ ಬುದ್ಧನ ಜಾಗದಲ್ಲಿ ಒಂದು ಮೂಲಂಗಿ, ಸುತ್ತ ದುಃಖಿಸೋ ಶಿಷ್ಯರಾಗಿ ಕುಂಬಳ, ಟರ್ನಿಪ್ಪು, ಅಣಬೆ. ಬುಟ್ಟಿ ತುಂಬಾ ತರಕಾರಿ ನೋಡ್ತಾ ಬೆಳೆದವನಿಗೆ ಮಾತ್ರ ಬರೋ ಕಲ್ಪನೆ ಅದು.

ಕತೆ ಇಲ್ಲಿಗೆ ಮುಗಿಯಲ್ಲ. 1771ರಲ್ಲಿ ಎದುರಾಳಿ ಮಾರುಕಟ್ಟೆಯವರು ನಿಶಿಕಿಯನ್ನ ಮುಚ್ಚಿಸೋಕೆ ಹೊರಟರು. ಆಗ ಜಾಕುಚು ಕುಂಚ ಬದಿಗಿಟ್ಟು ಬೀದಿಯ ಪರವಾಗಿ ಅಧಿಕಾರಿಗಳ ಹತ್ತಿರ ಓಡಾಡಿದ. 1774ರಲ್ಲಿ ಮಾರುಕಟ್ಟೆ ಉಳೀತು. ಅಂಗಡಿ ಬಿಟ್ಟು ಹೋದ ಮಗನೇ ಬೀದಿ ಉಳಿಸಿದ. ಈಗ ಸಂಜೆ ಅಂಗಡಿ ಮುಚ್ಚಿದರೆ ಶಟರುಗಳ ಮೇಲೆ ಅವನ ಕೋಳಿ, ಆನೆಗಳು ಕಾಣಿಸ್ತವೆ.

ಇದು ನನಗೆ ನಾಟೋದಕ್ಕೆ ಕಾರಣ ಇದೆ. ನಮ್ಮಪ್ಪನಿಗೆ ಅರವತ್ತೆಂಟು. ಎರಡು ಎಕರೆ ಅಡಿಕೆ ತೋಟವನ್ನ ಈ ವರ್ಷದಿಂದ ಗುತ್ತಿಗೆಗೆ ಕೊಡೋಣ ಅಂತ ಹೇಳ್ತಿದ್ದಾರೆ. ನಾನು ಒಬ್ಬನೇ ಮಗ, ಒಪ್ಪಿಸೋಕೆ ತಮ್ಮನಿಲ್ಲ. ಬೆಂಗಳೂರು ಬಿಟ್ಟು ಬಾ ಅಂತ ಅವರು ಯಾವತ್ತೂ ಕೇಳಿಲ್ಲ, ನಾನು ಬರ್ತೀನಿ ಅಂತಲೂ ಹೇಳಿಲ್ಲ. ನಮ್ಮ ಬ್ಯಾಚಿನ ಅರ್ಧ ಜನರ ಮನೆಯಲ್ಲಿ ಇದೇ ಮೌನ ಇದೆ. ಇರಬೇಕು, ಇಲ್ಲಾ ಹೋಗಬೇಕು, ಇವೆರಡೇ ದಾರಿ ಅಂತ ನಾವು ಅಂದುಕೊಂಡಿದ್ದೀವಿ. ಆ ಚಿತ್ರಕಾರ ಮೂರನೇದೊಂದನ್ನ ಮಾಡಿ ತೋರಿಸಿದ್ದ.

ಅಷ್ಟರಲ್ಲಿ ಕಾಲು ಮುಷ್ಕರ ಹೂಡಿದವು. ಉಳಿದ ದಾರಿಗೆ ಕೆಯ್ಹಾನ್ ರೈಲು ಹತ್ತಿ ದಕ್ಷಿಣದ ಫುಶಿಮಿಗೆ ಹೋದೆ, ಸಾಕೆ ತಯಾರಿಸೋ ಊರು. ಅಲ್ಲಿನ ಗೊಕೊನೊಮಿಯಾ ಗುಡಿಯ ಚಿಲುಮೆ 1985ರಲ್ಲಿ ಸರ್ಕಾರ ಗುರುತಿಸಿದ ದೇಶದ ನೂರು ಒಳ್ಳೆಯ ನೀರುಗಳಲ್ಲಿ ಒಂದು. ಜನ ಕ್ಯಾನು, ಬಾಟಲಿ ಹಿಡಿದು ಕ್ಯೂ ನಿಂತಿದ್ದರು. ಮನೆಯಲ್ಲಿ ನಲ್ಲಿ ಇಲ್ಲ ಅಂತಲ್ಲ, ಈ ನೀರಿನ ಟೀ ಬೇರೆ ಅಂತ.

ಗುಡಿಯಿಂದ ಇಳಿದು ಬರೋ ಬೀದಿಯಲ್ಲಿ ತಲೆ ಮೇಲೆ ಒಂದು ರೈಲು ಹಾದು ಹೋಗುತ್ತೆ. ಈ ಮಾರ್ಗವನ್ನ 1920ರ ದಶಕದಲ್ಲಿ ನೆಲದಡಿಯಲ್ಲಿ ಹಾಕೋ ಯೋಜನೆ ಇತ್ತು. ಸುರಂಗ ತೋಡಿದರೆ ನೀರಿನ ಸೆಲೆ ಕಡಿಯುತ್ತೆ ಅಂತ ಸಾಕೆ ತಯಾರಕರು ವಿರೋಧಿಸಿದರು, ಅಂತರ್ಜಲದ ಅಧ್ಯಯನವೂ ಆಯ್ತು. ಕೊನೆಗೆ ರೈಲೇ ಕಂಬದ ಮೇಲೆ ಹತ್ತಿತು. 1928ರಿಂದ ಹಾಗೇ ಓಡ್ತಿದೆ. ಸಾವಿರಾರು ಅಡಿ ಬೋರ್‌ವೆಲ್ ಕೊರೆಸಿ, ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡೋ ಊರಿಂದ ಹೋದವನಿಗೆ ಆ ಕಂಬಗಳು ಯಾವ ದೇವಸ್ಥಾನಕ್ಕೂ ಕಡಿಮೆಯಾಗಿ ಕಾಣಲಿಲ್ಲ.

ಬೆಳಗಿಂದ ತಿಂದದ್ದೆಲ್ಲ ಅಲ್ಲಿ ಒಂದಕ್ಕೊಂದು ಸೇರಿಕೊಂಡಿತು. ಕ್ಯೋಟೊದ ರುಚಿ ಉಳಿದಿರೋದು ಹಳೇದು ಅನ್ನೋ ಕಾರಣಕ್ಕಲ್ಲ. ಆಯಾ ಕಾಲದಲ್ಲಿ ಯಾರೋ ಒಬ್ಬರು ಅಡ್ಡ ನಿಂತು ಇದು ಹೋಗಕೂಡದು ಅಂದಿದ್ದಾರೆ. ನಿಂತವರೆಲ್ಲ ಒಲೆ ಮುಂದೆಯೇ ಇದ್ದವರೂ ಅಲ್ಲ.

ನಮ್ಮೂರಿನ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮರ ಇದೆ. ಅಮ್ಮನ ಭರಣಿ ತುಂಬೋದು ಅದರಿಂದಲೇ. ಅಪ್ಪೆಮಿಡಿಗೆ ಭೌಗೋಳಿಕ ಮಾನ್ಯತೆ ಬಂದಿದೆ, ಮರಗಳು ಮಾತ್ರ ಕಡಿಮೆಯಾಗ್ತಿವೆ. ಹತ್ತಿ ಕೊಯ್ಯೋರು ಸಿಗಲ್ಲ ಅಂತ ಕೊಂಬೆ ಸಮೇತ ಕಡೀತಾರೆ, ಇಲ್ಲಾ ನಾಟಾಕ್ಕೆ ಮಾರ್ತಾರೆ. ಗುತ್ತಿಗೆಗೆ ಬರೋನಿಗೆ ಲೆಕ್ಕ ಸಿಗೋದು ಅಡಿಕೆಯಲ್ಲಿ, ಮಿಡಿಯಲ್ಲಿ ಅಲ್ಲ.

ರಾತ್ರಿ ಒಸಾಕಾಗೆ ವಾಪಸ್ ಬಂದು ಅಪ್ಪನಿಗೆ ಫೋನ್ ಮಾಡಿದೆ. ಗುತ್ತಿಗೆ ಕಾಗದದಲ್ಲಿ ಒಂದು ಸಾಲು ಸೇರಿಸಿ, ಹಳ್ಳದ ಪಕ್ಕದ ಅಪ್ಪೆಮರ ಕಡಿಯೋ ಹಂಗಿಲ್ಲ ಅಂತ, ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

“ಸೇರಿಸಣ. ಆದ್ರೆ ಬರೀ ಕಾಗದದ ಮೇಲೆ ಮರ ಉಳಿಯಲ್ಲ ಅಪ್ಪಿ. ಮಿಡಿ ಕೊಯ್ಯೋ ಹೊತ್ತಿಗೆ ನೀನೂ ಬಾ. ಯಾವ ಕೊಂಬೆ ಮೇಲೆ ಕಾಲಿಡಬೇಕು ಅಂತ ತೋರಿಸ್ತೀನಿ.”

ಮಿಡಿ ಬರೋದು ಫೆಬ್ರವರಿ ಕೊನೆಗೆ, ಮಾರ್ಚಿಗೆ. ನಮ್ಮ ಕ್ವಾರ್ಟರ್ ಮುಗಿಯೋದೂ ಆಗಲೇ, ದೊಡ್ಡ ರಿಲೀಸೊಂದು ತಲೆ ಮೇಲಿದೆ. ಒಂದು ವಾರ ರಜೆ ಹಾಕಿದ್ದೀನಿ, ಮ್ಯಾನೇಜರ್ ಇನ್ನೂ ಅಪ್ರೂವ್ ಮಾಡಿಲ್ಲ. ಕಾರಣದ ಜಾಗದಲ್ಲಿ ‘ಮಾವಿನಮಿಡಿ’ ಅಂತಲೇ ಬರೆದಿದ್ದೀನಿ.