ಹಿಂದಿಂದ ಮುಟ್ಟಬೇಡಿ

ನಮ್ ಸಕಲೇಶಪುರದ ಕಡೆ ಮಳೆಗಾಲದಲ್ಲಿ ಯಾರಿಗೆ ಕಿವಿ ಕೇಳಲ್ಲ ಅಂತ ಗೊತ್ತೇ ಆಗಲ್ಲ ಕಣ್ರೇ. ಶೀಟಿನ ಮೇಲೆ ಮಳೆ ಹೊಯ್ಯೋಕೆ ಶುರುವಾದ್ರೆ ಮನೇಲಿ ಎಲ್ರೂ ಕಿರುಚಿಕೊಂಡೇ ಮಾತಾಡ್ತೀವಿ. ನಮ್ಮತ್ತೆಗೆ ಕಿವಿ ಮಂದ ಆಗಿದ್ದೂ ಹಂಗೇ ಎರಡು ಮಳೆಗಾಲ ಮುಚ್ಚಿಹೋಗಿತ್ತು. ಬಿಸಿಲುಗಾಲದಲ್ಲಿ ಕರೆದಾಗ ಓಗೊಡದಿದ್ರೆ, ‘ಬೇಕಂತಲೇ ಕೇಳಿಸ್ಕೊಳ್ಳಲ್ಲ’ ಅಂತ ಒಳಗೊಳಗೇ ಬೈಕೊಂಡಿದ್ದೀನಿ.

ಹೋದ ಆಷಾಢದಲ್ಲಿ ಅತ್ತೆ ಬಚ್ಚಲ ಹೊರಗೆ ಹಂಡೆ ಒಲೆಗೆ ಸೌದೆ ಎತ್ಕೊಳ್ತಿದ್ರು. ಕಲ್ಲಿನ ಮೇಲೆ ಪಾಚಿ. “ಅತ್ತೆ, ಅಲ್ಲಿ ಜಾರುತ್ತೆ” ಅಂತ ಎರಡು ಸಲ ಕೂಗಿದೆ. ತಿರುಗಲಿಲ್ಲ. ಸಿಟ್ಟು ಬಂತು, ಹಿಂದಿಂದ ಹೋಗಿ ಭುಜ ಮುಟ್ಟಿದೆ. ಬೆಚ್ಚಿ ಗಕ್ಕನೆ ತಿರುಗಿದ್ರು, ಕಾಲು ಜಾರ್ತು. ಬಲಗೈ ಮಣಿಕಟ್ಟು ಮುರೀತು. ನೋಡೋಕೆ ಬಂದವ್ರೆಲ್ಲ ಪಾಚಿಗೇ ಬೈದ್ರು. ನಾನು ಮುಟ್ಟಿದ್ದನ್ನ ಯಾರಿಗೂ ಹೇಳಲಿಲ್ಲ.

ಕೈ ವಾಸಿಯಾದ ಮೇಲೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ವಾಕ್ ಶ್ರವಣ ಸಂಸ್ಥೆಗೆ ಕರ್ಕೊಂಡು ಹೋದ್ವಿ. 1965ರಿಂದ ಇರೋ ಸಂಸ್ಥೆ ಅದು. ಕಿವಿಗೂ ಬೀಳೋದಕ್ಕೂ ಏನು ಸಂಬಂಧ ಅಂತ ಅಲ್ಲೇ ಅರ್ಥವಾಗಿದ್ದು. ಒಳಕಿವೀಲಿ ಕೇಳೋಕೆ ಬಸವನಹುಳದ ಚಿಪ್ಪಿನಂಥದ್ದೊಂದು ಇದೆ. ಅದರ ಪಕ್ಕದಲ್ಲೇ ಮೈ ಓಲಾಡದಂಗೆ ನೋಡ್ಕೊಳ್ಳೋ ಮೂರು ಅರ್ಧಸುತ್ತಿನ ಕೊಳವೆ. ವಯಸ್ಸಾದಂಗೆ ಎರಡೂ ಸೊರಗಬಹುದು. ಜೊತೆಗೆ, ಮಾತು ಕೇಳಿಸ್ಕೊಳ್ಳೋಕೇ ಮಿದುಳು ತಿಣುಕಾಡ್ತಿದ್ರೆ ಹೆಜ್ಜೆ ಕಡೆ ಗಮನ ಕಮ್ಮಿ. 2012ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ, 25 ಡೆಸಿಬಲ್‌ನಷ್ಟು ಕಿವಿ ಮಂದ ಇದ್ದೋರು ಹಿಂದಿನ ವರ್ಷ ಬಿದ್ದಿರೋ ಸಂಭವ ಹೆಚ್ಚುಕಮ್ಮಿ ಮೂರು ಪಟ್ಟು ಕಂಡಿತ್ತು. ಅದು ಬರೀ ಸಣ್ಣ ಮಟ್ಟದ ಮಂದ ಅಷ್ಟೇ.

ಮಶೀನು ಹಾಕಿದ ಮೊದಲ ವಾರ “ಸೊಪ್ಪು ಹೆಚ್ಚೋ ಸದ್ದೂ ಕೊಡಲಿ ಏಟಿನ ಹಂಗೆ ಕೇಳುತ್ತೆ” ಅಂತ ಕಿತ್ತು ಕಿತ್ತು ಇಡೋರು. ದಿನಾ ವಸಿ ವಸಿ ಹೊತ್ತು ಹೆಚ್ಚಿಸ್ಕೊಂಡು ರೂಢಿಯಾಯ್ತು. ನಮ್ಮ ಥಂಡಿಗೆ ಕೆಡದಂಗೆ ರಾತ್ರಿ ತೇವ ಹೀರೋ ಪೊಟ್ಟಣದ ಜೊತೆ ಡಬ್ಬೀಲಿಡ್ತೀವಿ. ಬಚ್ಚಲ ಗೋಡೆಗೆ ಹಿಡಿಕೆ ಹಾಕ್ಸಿದ್ವಿ. ಬಾಗಿಲ ಹತ್ರ ಹಾಸಿದ್ದ ಗೋಣಿಚೀಲ ತೆಗೆದ್ವಿ. ವಾರಕ್ಕೊಂದ್ಸಲ ಕಲ್ಲಿಗೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ತೀನಿ. ಕರೆಂಟು ನೆಚ್ಚೋ ಹಂಗಿಲ್ಲ, ದಿಂಬಿನ ಪಕ್ಕ ಟಾರ್ಚು.

ಸ್ನಾನಕ್ಕೆ, ನಿದ್ದೆಗೆ ಮಶೀನು ತೆಗೀಲೇಬೇಕಲ್ಲ. ಅದಕ್ಕೆ ನಮ್ಮನೇಲಿ ಈಗ ಒಂದೇ ನೇಮ: ಮುಂದೆ ಬಂದು, ಮುಖ ಕಾಣಿಸಿ, ಆಮೇಲೆ ಮಾತು.

ಮೊನ್ನೆ ಅವರೆಕಾಳು ಬಿಡಿಸ್ತಾ ಅತ್ತೆಗೆ ನಿಜ ಹೇಳಿಬಿಟ್ಟೆ. ಅವರು ತಲೆ ಎತ್ತಲಿಲ್ಲ.

“ಗೊತ್ತು ಕಣೇ. ಭುಜದ ಮೇಲೆ ಕೈ ಬಿದ್ದಿದ್ದು ನಂಗೇ ತಾನೆ?” ಅಂದ್ರು.